ಮಾಗಿದ ಧ್ವನಿಗಳು

ಲುಸಾಕಾ
9 ಫೆಬ್ರವರಿ 1998

ಇಲಿ ತಿನ್ನುವ ಕುಲದ ಜೆರೆ ಮಾವನಿಗೆ,

ನಿಮ್ಮ ಹಲ್ಲಿನ ಸಂದಿಯಲ್ಲಿ ಬಾಲವೇನೂ ಸಿಕ್ಕಿಕೊಂಡಿಲ್ಲ ಎಂದುಕೊಂಡು ಬರೆಯಲು ಕೂತಿದ್ದೇನೆ. ನನಗೆ ಕೆಲಸ ಸಿಕ್ಕಿತು. ನಿಮ್ಮ ಕಾಫುಮಾದಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಾರಲ್ಲ, ಅದೇ ಲ್ವಿಂಬೊ ಕಂಪನಿ, ಅದರ ಲುಸಾಕಾ ಆಫೀಸಿನಲ್ಲಿ. ತಮ್ಮ ಕಸೊಂಡೆ ಅಲ್ಲಿ ಕುಲುಮೆ ಮುಂದೆ, ಅಕ್ಕ ಇಲ್ಲಿ ಫ್ಯಾನಿನ ಕೆಳಗೆ. ಅಪ್ಪ ಇದ್ದಿದ್ದರೆ ರೈಲ್ವೆ ಕ್ವಾರ್ಟರ್ಸಿನ ಪ್ರತಿ ಬಾಗಿಲಿಗೂ ಹೋಗಿ ಹೇಳಿಕೊಂಡು ಬರುತ್ತಿದ್ದರು. ಆ ಕೆಲಸ ಈಗ ನೀವು ಮಾಡಬೇಕು.

ಕೆಲಸ ಏನು ಗೊತ್ತೇ? ಪದ ಹುಟ್ಟಿಸುವುದು. ನಮ್ಮ ಬೆಂಬಾ ಭಾಷೆಯಲ್ಲಿ ಲ್ವಿಂಬೊ ಅಂದರೆ ಹಾಡು. ಕಂಪನಿಗೆ ಆ ಹೆಸರಿಟ್ಟವರು ಎಲ್ಲವನ್ನೂ ಹಾಡಿನ ಲೆಕ್ಕದಲ್ಲೇ ಕರೆಯುತ್ತಾರೆ. ಕೆಲಸಗಾರ ಅನ್ನುವಂತಿಲ್ಲ, ‘ಧ್ವನಿ’ ಅನ್ನಬೇಕು. ಮೀಟಿಂಗಿಗೆ ‘ಶ್ರುತಿ ಸೇರುವುದು’. ಕುಲುಮೆಯ ಹೊಗೆಗೆ ‘ಉಸಿರು’. ಯಾರಾದರೂ ದೂರು ಕೊಟ್ಟರೆ ಅದು ‘ಅಪಸ್ವರ’. ನಮ್ಮ ಸಾಹೇಬರು ಮಿಸ್ಟರ್ ಹೆಂಡ್ರಿ ಇಂಗ್ಲಿಷಿನಲ್ಲಿ ಒಂದು ಮಾತು ಕೊಡುತ್ತಾರೆ, ನಾನು ಅದನ್ನು ಕಾರ್ಖಾನೆಯ ಗೋಡೆಗೆ ಬರೆಯುವ ಹಾಗೆ ಬೆಂಬಾ, ನ್ಯಾಂಜಾ ಎರಡರಲ್ಲೂ ಕಟ್ಟಿ ಕೊಡಬೇಕು. ಬಾಯಿ ತಪ್ಪಿ ಹಳೆಯ ಪದ ಆಡಿದವರು ಎಲ್ಲರ ಎದುರು ಎದ್ದು ನಿಂತು ಕಂಪನಿಯ ಹಾಡು ಹೇಳಬೇಕು. ಮೊದಲ ವಾರ ನಾನು ಗಂಟಲು ಕಟ್ಟುವಷ್ಟು ಹಾಡಿದ್ದೇನೆ. ಈಗ ಪಳಗಿದೆ.

ಕಸೊಂಡೆ ನಿಮ್ಮ ಹಿತ್ತಲ ಕೋಣೆಯಲ್ಲೇ ಇದ್ದಾನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ ಎಂಬುದೊಂದೇ ನನಗೆ ಸಮಾಧಾನ. ಅವನ ತಟ್ಟೆಗೆ ಮಾತ್ರ ಇಲಿ ಹಾಕಬೇಡಿ.

ಇಂತು ನಿಮ್ಮ ಯಜಮಾನಿ,
ಮ್ವಾಬಾ

*

ಕಾಫುಮಾ
2 ಮಾರ್ಚ್ 1998

ಕೋತಿ ಕಂಡರೆ ಬಾಯಲ್ಲಿ ನೀರೂರುವ ಜನಾಂಗದ ಮ್ವಾಬಾಗೆ,

ಯಜಮಾನಿಯಂತೆ! ನಮ್ಮ ಎಂಗೊನಿ ತಾತಂದಿರು ನಿಮ್ಮ ಬೆಂಬಾ ತಾತಂದಿರನ್ನು ಕಾಡಿಗೆ ಅಟ್ಟಿದಾಗ ನಿಮ್ಮವರು ಮರ ಹತ್ತಿ ಕೂತರು. ಅಲ್ಲಿ ಕೋತಿಗಳ ಪರಿಚಯವಾಯಿತು, ಪರಿಚಯ ಊಟದವರೆಗೆ ಬೆಳೆಯಿತು. ಇದು ಚರಿತ್ರೆ. ಆಮೇಲೆ ರಾಜಿಯಾಗಿ, ಇನ್ನು ಮೇಲೆ ಈಟಿ ಬೇಡ, ಬಾಯಲ್ಲೇ ಹೊಡೆದಾಡೋಣ ಅಂದರು ನೋಡು, ನಾವು ನಗೆನಂಟರಾದೆವು. ನನ್ನ ಜೊತೆ ರೈಲ್ವೆಯಲ್ಲಿದ್ದ ನಿನ್ನಪ್ಪನ ಮಣ್ಣಿನ ದಿನ ನಾನು ಗುಂಡಿಯೊಳಗೆ ಇಳಿದು ಮಲಗಿ, ‘ಈ ಬೆಂಬಾ ನನ್ನ ಜಾಗಕ್ಕೆ ಬಂದಿದ್ದಾನೆ, ಬಾಡಿಗೆ ಕೊಡದೆ ಏಳಲ್ಲ’ ಎಂದದ್ದು ನಿನಗೆ ನೆನಪಿದ್ದೀತು. ಅತ್ತು ಅತ್ತು ಬಾಡಿದ್ದ ನಿನ್ನ ಮುಖ ಆಗ ಅರಳಿತು. ಆಮೇಲೆ ಮನೆಗೆ ಬಂದು ನಾನೂ ಅತ್ತೆ, ಅದು ಬೇರೆ ಮಾತು.

ನಿನ್ನ ಪದಗಳನ್ನು ಗೋಡೆಯ ಮೇಲೆ ನೋಡಿದೆ. ಅಕ್ಷರ ದುಂಡಗಿದೆ. ಆದರೆ ಹೊಗೆಗೆ ಉಸಿರು ಅಂದರೆ ಕೆಮ್ಮಿಗೆ ಏನನ್ನುತ್ತೀರಿ ಮಾರಾಯ್ತಿ? ಗಾಳಿ ನಮ್ಮ ಕಡೆ ತಿರುಗಿದ ದಿನ ಒಣಹಾಕಿದ ಬಟ್ಟೆಯೆಲ್ಲ ಬೂದಿ ಬಣ್ಣ. ನನ್ನ ಹೆಂಡತಿ ನಿನ್ನ ಕಂಪನಿಗೆ ಬೈಯುವ ಮಾತುಗಳನ್ನು ಹಾಡಾಗಿ ಬರೆಯಲು ನಿನ್ನಿಂದ ಸಾಧ್ಯವಿಲ್ಲ.

ಕಸೊಂಡೆ ದುಡಿಯುತ್ತಾನೆ, ದಣಿಯುತ್ತಾನೆ. ತಲೆನೋವು, ಹೊಟ್ಟೆ ಹಿಡಿಯುತ್ತದೆ ಅನ್ನುತ್ತಾನೆ. ವಯಸ್ಸಿನ ಹುಡುಗ, ಸರಿಹೋಗುತ್ತಾನೆ.

ನಿನ್ನ ತಾತಂದಿರನ್ನು ಗೆದ್ದವರ ಮೊಮ್ಮಗ,
ಲೇಮೆಕ್ ಜೆರೆ, ನಿವೃತ್ತ ಟಿಕೆಟ್ ಗುಮಾಸ್ತ

*

ಲುಸಾಕಾ
20 ಏಪ್ರಿಲ್ 1998

ಜೆರೆ ಮಾವನಿಗೆ,

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಬೈಗುಳ ಮುಂದಿನ ಸಲ ಬಡ್ಡಿ ಸಮೇತ. ಕಸೊಂಡೆ ‘ಮಾಗಿದ ಧ್ವನಿ’ ಆಗಿದ್ದಾನೆ. ಇವತ್ತು ಬೆಳಿಗ್ಗೆ ಹೆಂಡ್ರಿ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ಕೈ ಕುಲುಕಿ ಹೇಳಿದರು. ಆ ಪದ ನಾನೇ ಕಟ್ಟಿದ್ದು ಮಾವ. ಬೆಂಕಿಯ ಮುಂದೆ ಬಹಳ ದುಡಿದವರನ್ನು ಕಂಪನಿ ಮಾಗಿದವರು ಎಂದು ಗುರುತಿಸುತ್ತದೆ, ಅವರನ್ನು ಕಾರ್ಖಾನೆಯ ಹಿಂದಿನ ‘ನೆರಳುಮನೆ’ಗೆ ಕರೆದುಕೊಳ್ಳುತ್ತದೆ, ಅಲ್ಲಿ ಊಟ, ಹಾಸಿಗೆ, ಹಗುರ ಕೆಲಸ ಎಂದು ಸಾಹೇಬರು ನನಗೆ ವಿವರಿಸಿದ್ದರು. ಮರದಲ್ಲೇ ಹಣ್ಣಾದ ಮಾವಿನ ಹಾಗೆ ಎಂದು ಯೋಚಿಸಿ ಆ ಮಾತು ಕೊಟ್ಟಿದ್ದೆ. ನನ್ನ ತಮ್ಮನಿಗೇ ಅದು ಸಿಕ್ಕೀತು ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಒಂದು ಕೋಳಿ ಕುಯ್ಯಿರಿ. ನಾಲ್ಕು ಜನರನ್ನು ಕರೆಯಿರಿ. ಅಪ್ಪ ಅಮ್ಮ ಇಲ್ಲದ ಹುಡುಗ ಮೇಲೆ ಬಂದ ಎಂದು ಊರಿಗೆ ತಿಳಿಯಲಿ.

ಇಂತು, ಹಿಗ್ಗಿ ಹೀರೇಕಾಯಿಯಾದ
ಮ್ವಾಬಾ

*

ಕಾಫುಮಾ
6 ಮೇ 1998

ಮಗಳೇ ಮ್ವಾಬಾ,

ಕೋಳಿ ಕುಯ್ದೆವು. ನೆರೆಹೊರೆಯವರು ಬಂದರು, ಹೆಂಗಸರು ಕೇಕೆ ಹಾಕಿದರು, ನಾನು ಎಂದಿನಂತೆ ನಿಮ್ಮ ಕುಲವನ್ನು ಹೊಗಳಿದೆ. ಎಲ್ಲರೂ ಉಣ್ಣಲು ಕೂತಾಗ ಕಸೊಂಡೆ ನ್ಶಿಮಾ ಮುದ್ದೆ ಮುರಿಯಲು ಕೈ ಚಾಚಿದ. ಕೈ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು. ಎತ್ತಲು ನೋಡಿದ, ಏಳಲಿಲ್ಲ. ಎಡಗೈಯಲ್ಲಿ ಬಲಗೈಯನ್ನು ಹಿಡಿದು ಬಾಯಿಯ ತನಕ ತಂದ. ನನ್ನ ಹೆಂಡತಿ ಪಕ್ಕದಲ್ಲಿ ಕೂತು ಮಗುವಿಗೆ ತಿನ್ನಿಸುವ ಹಾಗೆ ತಿನ್ನಿಸಿದಳು.

ಮಾರನೇ ದಿನ ಕಂಪನಿಯ ಗಾಡಿ ಬಂದು ಅವನನ್ನು ನೆರಳುಮನೆಗೆ ಕರೆದುಕೊಂಡು ಹೋಯಿತು. ಸರ್ಕಾರಿ ಆಸ್ಪತ್ರೆಗೆ ತೋರಿಸುತ್ತೇನೆ ಅಂದೆ. ಗಾಡಿಯವನು, ಮಾಗಿದವರು ಹೊರಗಿನ ಡಾಕ್ಟರ ಹತ್ತಿರ ಹೋಗುವ ಹಾಗಿಲ್ಲ ಎಂದ. ಆಮೇಲೆ ಮೂರು ಸಲ ಗೇಟಿಗೆ ಹೋದೆ. ರಕ್ತಸಂಬಂಧಿಗಳಿಗೆ ಮಾತ್ರ ಒಳಗೆ ಬಿಡುವುದು ಎನ್ನುತ್ತಾರೆ. ನಿನ್ನ ತಮ್ಮನಿಗೆ ರಕ್ತಸಂಬಂಧಿ ಅಂತ ಇರುವವಳು ನೀನೊಬ್ಬಳೇ. ಬಾ. ಕಾಯಿಲೆಯಾದವರನ್ನೆಲ್ಲ ಅಲ್ಲಿಗೆ ಹಾಕುತ್ತಾರೆ ಎಂದು ಜನ ಮಾತಾಡುತ್ತಾರೆ.

ನಿನ್ನ ಮಾವ,
ಲೇಮೆಕ್ ಜೆರೆ

*

ಲುಸಾಕಾ
18 ಮೇ 1998

ಮಾನ್ಯ ಜೆರೆ ಅವರಿಗೆ,

ನಿಮ್ಮ ಪತ್ರ ತಲುಪಿತು. ಕಸೊಂಡೆಯ ವಿಷಯ ಹೆಂಡ್ರಿ ಸಾಹೇಬರಲ್ಲಿ ವಿಚಾರಿಸಿದೆ. ಮಾಗುವ ಹೊತ್ತಿನಲ್ಲಿ ಕೈ ಸಡಿಲವಾಗುವುದು ಸಹಜ, ನೆರಳಿನಲ್ಲಿ ಸರಿಹೋಗುತ್ತದೆ ಎಂದರು. ಅಲ್ಲಿ ನರ್ಸ್ ಇದ್ದಾಳೆ. ನೀವು ಪದೇ ಪದೇ ಗೇಟಿಗೆ ಹೋಗಿದ್ದು ಇಲ್ಲಿಯವರೆಗೆ ತಲುಪಿದೆ. ಅದನ್ನು ಅಪಸ್ವರ ಎಂದು ಬರೆದುಕೊಂಡಿದ್ದಾರೆ. ಅಪಸ್ವರ ನನ್ನ ಹೆಸರಿಗೂ ಅಂಟುತ್ತದೆ ಎಂಬುದು ನಿಮಗೆ ಹೊಳೆಯಲಿಲ್ಲವೇ? ಟಿಕೆಟ್ ಹರಿದು ಕೊಡುವ ಕೆಲಸದಲ್ಲಿ ಇವೆಲ್ಲ ಇರಲಿಲ್ಲ, ಗೊತ್ತು. ಜನ ಮಾತಾಡುತ್ತಾರೆ ಎಂದು ಬರೆದಿದ್ದೀರಿ. ಜನ ಯಾವಾಗ ಸುಮ್ಮನಿದ್ದರು?

ಈಗ ರಜೆ ಸಿಗುವುದಿಲ್ಲ. ದಯವಿಟ್ಟು ಇನ್ನು ಗೇಟಿಗೆ ಹೋಗಬೇಡಿ.

ಮ್ವಾಬಾ ನ್ಸೊಫ್ವಾ,
ಪದ ವಿಭಾಗ, ಲ್ವಿಂಬೊ

*

ಕಾಫುಮಾ
30 ಮೇ 1998

ಮ್ವಾಬಾ,

ನಾನು ನಿನಗೆ ಬರೆಯುವಾಗ ಬೈಗುಳವೂ ಇಲ್ಲದೆ, ಮಗಳೇ ಎಂದೂ ಅನ್ನದೆ ಶುರು ಮಾಡಿದ್ದು ಇದೇ ಮೊದಲು. ಮನಸ್ಸಿಗೆ ನೋವಾಗಿದೆ, ಮುಚ್ಚಿಡುವುದಿಲ್ಲ.

ನಿನ್ನ ಮಾತು ಕೇಳಿ ಗೇಟಿಗೆ ಹೋಗಲಿಲ್ಲ. ಬೇಲಿಯ ಹಿಂದಿನಿಂದ ನೋಡಿ ಬಂದೆ. ಹಗುರ ಕೆಲಸ ಎಂದೆಯಲ್ಲ, ನಿನ್ನ ಮಾಗಿದವರು ಗೋಡೆಗೆ ಒರಗಿ ಕೂತಿದ್ದಾರೆ, ಅಷ್ಟೇ. ನಿನ್ನ ತಮ್ಮನನ್ನು ಹೆಸರು ಹಿಡಿದು ಕೂಗಿದೆ. ಯಾವ ಕಡೆಯಿಂದ ಎಂದು ತಿಳಿಯದೆ ಆಕಾಶ ನೋಡಿದ.

ಲೇಮೆಕ್ ಜೆರೆ

*

ಲುಸಾಕಾ
11 ಜುಲೈ 1998

ಮಾವ,

ಈ ಕಾಗದವನ್ನು ಅಂಚೆಗೆ ಹಾಕಲಿಲ್ಲ, ಕಾಫುಮಾ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ನಿಮ್ಮ ಹಿಂದಿನ ಕಾಗದಕ್ಕೆ ಉತ್ತರ ಬರೆಯದೆ ಇದ್ದೆ. ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು. ಆ ಸಿಟ್ಟು ನಿಮ್ಮ ಮೇಲಿನದಲ್ಲ ಎಂದು ತಿಳಿಯಲು ಇಷ್ಟು ದಿನ ಬೇಕಾಯಿತು.

ಗುರುವಾರ ಹೆಂಡ್ರಿ ಸಾಹೇಬರು ಹೊಸ ಮಾತೊಂದನ್ನು ತಂದರು. ಮಾಗಿದ ಧ್ವನಿಯ ಮುಂದಿನ ಹಂತ ‘ಪ್ರತಿಧ್ವನಿ’ ಅಂತೆ. ಅದಕ್ಕೆ ಬೆಂಬಾದಲ್ಲಿ, ನ್ಯಾಂಜಾದಲ್ಲಿ ಮೃದುವಾದ ಪದ ಬೇಕು, ಮನೆಯವರ ಕಿವಿಗೆ ಹಿತವಾಗಿರಬೇಕು ಎಂದರು. ಪ್ರತಿಧ್ವನಿ ಅಂದರೆ ಯಾರು ಎಂದು ಕೇಳಿದೆ. ಇನ್ನು ಮೇಲೆ ಹಾಡದವರು ಎಂದರು. ಕೆಲಸ ಬಿಟ್ಟವರೇ ಎಂದೆ. ತಿಂಗಳ ಕೊನೆಯ ಶುಕ್ರವಾರ ಲಾರಿಯಲ್ಲಿ ಅವರನ್ನು ಅವರವರ ಹಳ್ಳಿಗೆ ಕಳಿಸುತ್ತೇವೆ, ಆಮೇಲಿನದು ಅಲ್ಲಿ ಆಗುತ್ತದೆ, ಕಾಫುಮಾದಲ್ಲಿ ಆಗುವುದಿಲ್ಲ ಎಂದರು. ಚಹಾಕ್ಕೆ ಸಕ್ಕರೆ ಎಷ್ಟು ಎಂದು ಹೇಳುವ ಹಾಗೆ ಹೇಳಿದರು ಮಾವ. ನಾನು, ‘ಅಂದರೆ ಸಾಯೋರಾ ಸಾರ್?’ ಎಂದು ಕೇಳಿದೆ.

ಸಾಹೇಬರು ಮುಗುಳ್ನಕ್ಕು ಬೆರಳೆತ್ತಿದರು. ನಾನು ತಪ್ಪು ಪದ ಆಡಿದ್ದೆ. ಎದ್ದು ನಿಂತು ಎಲ್ಲರೆದುರು ಕಂಪನಿಯ ಹಾಡು ಹೇಳಿದೆ. ಪೂರ್ತಿ ಹೇಳಿದೆ.

ರಜೆ ಕೇಳಿದೆ. ಮನೆಯವರು ಆತುರಪಟ್ಟರೆ ಧ್ವನಿಯನ್ನೇ ಬೇಗ ಊರಿಗೆ ಕಳಿಸಬೇಕಾಗುತ್ತದೆ ಎಂದರು. ನಾನು ಗೇಟಿನಲ್ಲಿ ಕಾಣಿಸಿಕೊಂಡ ದಿನವೇ ಅವನನ್ನು ಲಾರಿ ಹತ್ತಿಸುತ್ತಾರೆ. ನಮಗೆ ಇರುವ ಹಳ್ಳಿಯಾದರೂ ಯಾವುದು? ಅಜ್ಜಿ ಸತ್ತ ಮೇಲೆ ಅಲ್ಲಿ ಮನೆಯೂ ಇಲ್ಲ.

ನನ್ನ ತಮ್ಮನಿಗೆ ಕೋಳಿ ಕುಯ್ಯಿಸಿದೆನಲ್ಲ ಮಾವ. ಅವನನ್ನು ಹೊರಗೆ ತನ್ನಿ. ಹೇಗೆ ಎಂದು ನನಗೆ ಗೊತ್ತಿಲ್ಲ. ನಿಮ್ಮ ಕಾಲು ಹಿಡಿಯುತ್ತೇನೆ.

ಮ್ವಾಬಾ

*

ಕಾಫುಮಾ
19 ಜುಲೈ 1998

ಕಪಿಸಂಹಾರಿಣಿ ಮ್ವಾಬಾಗೆ,

ನಿನ್ನ ತಮ್ಮ ಸರ್ಕಾರಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾನೆ. ಮೊದಲು ಇದನ್ನು ಓದಿ, ನೀರು ಕುಡಿದು, ಆಮೇಲೆ ಮುಂದೆ ಓದು.

ನಿನ್ನ ಕಾಗದ ಬಂದ ದಿನ ನಮ್ಮ ಹಳೇ ರೈಲ್ವೆ ಗೆಳೆಯರು ನಾಲ್ವರನ್ನು ಕರೆದೆ. ನಾಲ್ವರೂ ಎಂಗೊನಿಗಳು. ಗೇಟು ಕಾಯುವವರು ಯಾರು ಎಂದು ಲೆಕ್ಕ ಹಾಕಿದೆವು. ಎಲ್ಲರೂ ನಿಮ್ಮವರು, ಬೆಂಬಾದವರು. ರಕ್ತಸಂಬಂಧಿಗೆ ಮಾತ್ರ ಬಾಗಿಲು ಎಂಬ ನಿಯಮ ಕಂಪನಿ ಮಾಡಿದೆ. ನಗೆನಂಟನ ಬಗ್ಗೆ ಏನೂ ಬರೆದಿಲ್ಲ. ಬೆಂಬಾದವನ ಸಾವಿನ ಮನೆಯಲ್ಲಿ ಎಂಗೊನಿ, ಎಂಗೊನಿಯ ಸಾವಿನ ಮನೆಯಲ್ಲಿ ಬೆಂಬಾದವನು ಏನು ಮಾಡಿದರೂ ತಡೆಯುವ ಹಾಗಿಲ್ಲ ಎಂಬುದು ಕಂಪನಿಗಿಂತ ಹಳೆಯ ನಿಯಮ. ಕೊರತೆ ಇದ್ದದ್ದು ಸಾವಿನ ಮನೆಗೆ ಮಾತ್ರ. ಅದನ್ನು ನಾವೇ ಮಾಡಿಕೊಂಡೆವು.

ಶುಕ್ರವಾರ ಬೆಳಿಗ್ಗೆ ಗೇಟಿನ ಮುಂದೆ ದೊಡ್ಡ ದಿಮ್ಮಿಗೆ ಬೆಂಕಿ ಹಾಕಿ, ಸಾವಿನ ಮನೆಯ ಗಂಡಸರು ಕೂರುವ ಹಾಗೆ ಸುತ್ತ ಕೂತೆವು. ನನ್ನ ಹೆಂಡತಿ ಮತ್ತು ಅವಳ ತಂಗಿಯರು ತಲೆಯ ಮೇಲೆ ಕೈಹೊತ್ತು, ಕಸೊಂಡೆಯ ಹೆಸರು ಹೇಳಿ ಅತ್ತುಕೊಂಡು ಬಂದರು. ಶೊಂಗಾ ಗೊತ್ತಲ್ಲ, ದಪ್ಪನೆಯ ಸಿಗ್ನಲ್ ಮ್ಯಾನ್, ಅವನು ಕಸೊಂಡೆಯ ಪ್ಯಾಂಟಿನೊಳಗೆ ಹೇಗೋ ತೂರಿಕೊಂಡು, ನಗೆನಂಟರು ಸತ್ತವನನ್ನು ಅಣಕಿಸುವ ಪದ್ಧತಿಯಂತೆ ಅವನ ಹಾಗೇ ಭುಜ ಕುಣಿಸಿ ನಡೆದು ತೋರಿಸಿದ. ಕಾವಲುಗಾರ ಕಪೆಂಬ್ವಾ ಗಾಬರಿಯಿಂದ ಓಡಿಬಂದು, ‘ಮಾವ, ಅವನಿನ್ನೂ ಬದುಕಿದ್ದಾನಲ್ಲ?’ ಅಂದ.

ನಾನೆಂದೆ, ‘ನೀವು ಬೆಂಬಾದವರು ಸಾಯೋದರಲ್ಲೂ ಸೋಮಾರಿಗಳು ಕಣಯ್ಯಾ. ಅವನು ಸಾಯೋವರೆಗೂ ಕಾಯ್ಕೊಂಡು ಕೂರೋಕೆ ನಮಗೇನು ಬೇರೆ ಕೆಲಸ ಇಲ್ವಾ? ಇವತ್ತು ಪುರುಸೊತ್ತಿದೆ, ಇವತ್ತೇ ಹೂಳ್ತೀವಿ. ಹೆಣ ಕೊಡು.’

ಕಪೆಂಬ್ವಾ ನಗಬಾರದೆಂದು ತುಟಿ ಕಚ್ಚಿದ, ಆಗಲಿಲ್ಲ. ಒಬ್ಬ ನಕ್ಕ ಮೇಲೆ ಇನ್ನೊಬ್ಬ. ನಗುವವನು ಗೇಟು ಗಟ್ಟಿಯಾಗಿ ಹಿಡಿಯಲಾರ. ಒಳಗಿನಿಂದ ಸೂಟಿನ ಅಧಿಕಾರಿಯೊಬ್ಬ ಬಂದ. ಇದು ಅಪಸ್ವರವೋ, ಮನೆಯವರ ಭೇಟಿಯೋ, ಏನೆಂದು ಬರೆದುಕೊಳ್ಳಬೇಕು ಎಂದು ಲುಸಾಕಾಕ್ಕೆ ಫೋನು ಮಾಡಿ ಕೇಳುತ್ತಾ ನಿಂತ. ಅವನು ಕೇಳಿ ಮುಗಿಸುವಷ್ಟರಲ್ಲಿ ನಾವು ಎಂಗೊನಿ ಹಾಡು ಹೇಳುತ್ತಾ ಕೈಗಾಡಿ ತಳ್ಳಿಕೊಂಡು ನೆರಳುಮನೆಯ ಒಳಗಿದ್ದೆವು.

ಒಳಗಿನ ವಾಸನೆಯ ಬಗ್ಗೆ ಬರೆಯುವುದಿಲ್ಲ. ಕಸೊಂಡೆಯನ್ನು ಎತ್ತಿದಾಗ ನನಗೆ ಭಾರವೇ ಅನ್ನಿಸಲಿಲ್ಲ. ಈ ಮುದುಕನ ತೋಳಿಗೆ ಭಾರ ಅನ್ನಿಸಲಿಲ್ಲ ಅಂದರೆ ತಿಳಿದುಕೋ. ಕೈಗಾಡಿಯಲ್ಲಿ ಮಲಗಿಸಿ ಚಿತೆಂಗೆ ಬಟ್ಟೆ ಹೊದಿಸಿದೆ. ಬಟ್ಟೆಯೊಳಗಿಂದ ಸಣ್ಣದಾಗಿ, ‘ಮಾವ, ನಿಜವಾಗ್ಲೂ ಹೂಳ್ತೀರಾ?’ ಎಂದು ಕೇಳಿದ.

‘ಬಾಯ್ಮುಚ್ಚು. ಹೆಣ ಮಾತಾಡಬಾರದು’ ಅಂದೆ. ಗೇಟು ದಾಟುವಾಗ ಕಪೆಂಬ್ವಾ ಟೋಪಿ ತೆಗೆದ. ಅವನಿಗೆ ಎಲ್ಲಾ ಗೊತ್ತಾಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಸ್ಮಶಾನದ ದಾರಿಯಲ್ಲಿ ಹೊರಟವರು ರೈಲ್ವೆ ಗೇಟಿನ ಹತ್ತಿರ ಆಸ್ಪತ್ರೆಯ ಕಡೆ ತಿರುಗಿದೆವು. ಡಾಕ್ಟರ್ ಹುಡುಗಿ ಅವನ ತುಟಿ ಎತ್ತಿ ವಸಡಿನ ಮೇಲಿನ ನೀಲಿ ಗೆರೆ ನೋಡಿದಳು. ಸೀಸ ರಕ್ತಕ್ಕೆ ಸೇರಿದೆ, ಉಳಿಯುತ್ತಾನೆ, ಕೈ ಪೂರ್ತಿ ಏಳುತ್ತದೋ ಇಲ್ಲವೋ ಹೇಳಲಾರೆ ಎಂದಳು. ಇವನನ್ನು ಇಷ್ಟು ದಿನ ಎಲ್ಲಿಟ್ಟಿದ್ದಿರಿ ಎಂದು ನನಗೇ ಬೈದಳು. ಬೈಸಿಕೊಂಡೆ.

ಇನ್ನು ನಾನು ಬರೆಯಲು ಹಿಂಜರಿಯುತ್ತಿರುವ ವಿಷಯ. ನೆರಳುಮನೆಯಲ್ಲಿ ಕಸೊಂಡೆಯ ಪಕ್ಕದ ಹಾಸಿಗೆಯಲ್ಲಿ ಮಬ್ವುಟೊ ಸೊಕೊ ಎಂಬ ಹುಡುಗನಿದ್ದ. ಚಿಪಾಟಾ ಕಡೆಯವನು, ನಮ್ಮವನು, ಎಂಗೊನಿ. ನಾವು ಒಳಗೆ ಬರುವಾಗ ನಮ್ಮ ಹಾಡು ಕೇಳಿ ತಲೆ ಎತ್ತಿದ್ದ. ಎಲ್ಲವೂ ಅವನಿಗೆ ಅರ್ಥವಾಗಿತ್ತು. ನಾನು ಕೈಗಾಡಿ ತಿರುಗಿಸುವಾಗ ನನ್ನ ಅಂಗಿ ಹಿಡಿದು ಕೇಳಿದ: ‘ತಾತ, ನನಗೋಸ್ಕರ ನಗೋರು ಯಾರು?’

ನಮ್ಮವನ ಸಾವಿನಲ್ಲಿ ನಾವು ನಗುವ ಹಾಗಿಲ್ಲ, ಅಳಬೇಕು. ಅಳುವವರನ್ನು ಗೇಟಿನಲ್ಲೇ ಕೂರಿಸುತ್ತಾರೆ. ಅವನ ಬೆರಳು ಬಿಡಿಸಿ ಗಾಡಿ ತಳ್ಳಿದೆ. ಆಗಿನಿಂದ ನಿದ್ದೆಯಿಲ್ಲ.

ನಿನ್ನೆ ಕಪೆಂಬ್ವಾ ಮತ್ತು ಅವನ ಜೊತೆಯವರನ್ನು ಕೆಲಸದಿಂದ ತೆಗೆದರು. ಎಂಗೊನಿಗಳನ್ನು ಬೆಂಬಾದವರು ತಡೆಯಲಾರರು ಎಂದು ಯಾರೋ ಕಂಪನಿಗೆ ತಿಳಿಹೇಳಿರಬೇಕು. ಈಗ ಗೇಟು ಕಾಯಲು ಪೂರ್ವದ ಕಡೆಯಿಂದ ಎಂಗೊನಿ ಹುಡುಗರನ್ನೇ ತರಿಸುತ್ತಿದ್ದಾರೆ. ನನಗಿನ್ನು ಅಲ್ಲಿ ಬೇಳೆ ಬೇಯುವುದಿಲ್ಲ. ಈ ಊರಿನ ಬೆಂಬಾದವರನ್ನು ಕೇಳಿದೆ. ಒಬ್ಬನಿಗೆ ಹೆಂಡತಿ, ಇನ್ನೊಬ್ಬನಿಗೆ ಮಕ್ಕಳ ಫೀಸು, ಎಲ್ಲರ ಹೊಟ್ಟೆಯೂ ಕಂಪನಿಯದು. ಯಾರನ್ನೂ ದೂರುವುದಿಲ್ಲ. ಲಾರಿ ಮೂವತ್ತೊಂದಕ್ಕೆ.

ಬಾ ಎಂದು ನಾನು ಕೇಳುತ್ತಿಲ್ಲ. ನಿನ್ನ ತಮ್ಮ ಹೊರಗೆ ಬಂದ, ನಿನ್ನ ಕೆಲಸ ಇನ್ನೂ ಇದೆ. ಮನಸ್ಸಿನಲ್ಲಿದ್ದದ್ದನ್ನು ಯಾರಿಗಾದರೂ ಹೇಳಬೇಕಿತ್ತು, ಹೇಳಿದೆ.

ನಿನ್ನ ಮಾವ,
ಲೇಮೆಕ್ ಜೆರೆ

*

ಲುಸಾಕಾ
27 ಜುಲೈ 1998

ಜೆರೆ ಮಾವನಿಗೆ,

ಕಂಡಕ್ಟರ್ ತಂದ ನಿಮ್ಮ ಕಾಗದವನ್ನು ಬಸ್ ನಿಲ್ದಾಣದಲ್ಲೇ ನಿಂತು ಓದಿದೆ. ಅಲ್ಲೇ ಅತ್ತೆ, ಹೆಣ ಮಾತಾಡಬಾರದು ಎಂದಲ್ಲಿಗೆ ಬಂದಾಗ ನಕ್ಕೆ, ಆಮೇಲೆ ಮತ್ತೆ ಅತ್ತೆ. ಕಿತ್ತಳೆ ಮಾರುವವಳು ನನಗೆ ತಲೆ ಕೆಟ್ಟಿದೆ ಎಂದುಕೊಂಡು ಬುಟ್ಟಿ ಆಚೆ ಸರಿಸಿದಳು.

ಇವತ್ತು ಬೆಳಿಗ್ಗೆ ಹೆಂಡ್ರಿ ಸಾಹೇಬರು ನನ್ನನ್ನು ಕರೆದರು. ಕಾಫುಮಾದ ಗೇಟಿನಲ್ಲಿ ಆದದ್ದಕ್ಕೆ ಒಂದು ಹೆಸರು ಬೇಕಾಗಿದೆ, ಹೆಸರಿಲ್ಲದೆ ಅದನ್ನು ನಿಷೇಧಿಸಲು ಆಗುತ್ತಿಲ್ಲ, ಸಂಜೆಯೊಳಗೆ ಯೋಚಿಸಿ ಕೊಡು ಎಂದರು. ನೀವು ಕರೆದೊಯ್ದ ಹುಡುಗ ನನ್ನ ತಮ್ಮನೆಂಬುದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ‘ಆಗಲ್ಲ ಸಾರ್’ ಅಂದೆ. ಯಾಕೆ ಎಂದರು. ಅದಕ್ಕೂ ಆಗಲ್ಲ ಎಂದೇ ಹೇಳಿ, ಬಾಗಿಲಿನಲ್ಲಿ ಗುರುತಿನ ಚೀಟಿ ಕೊಟ್ಟು ಬಂದೆ. ಇನ್ನು ಮುಂದೆ ಹೊಟ್ಟೆಗೆ ಏನು ಎಂದು ಯೋಚಿಸಿದರೆ ಭಯವಾಗುತ್ತದೆ. ಯೋಚಿಸುತ್ತಿಲ್ಲ.

ಈ ಕಾಗದವೂ ಕಂಡಕ್ಟರ್ ಕೈಯಲ್ಲೇ ಬರುತ್ತದೆ, ನಾನು ಬುಧವಾರದ ಮೊದಲ ಬಸ್ಸಿಗೆ ಹೊರಡುತ್ತೇನೆ. ನನ್ನ ಮನೆಯೊಡತಿ, ಅವರ ಇಬ್ಬರು ಅಕ್ಕಂದಿರು ಜೊತೆಗೆ ಬರುತ್ತಿದ್ದಾರೆ. ಮೂವರೂ ಬೆಂಬಾದವರು, ನಿಮ್ಮ ಕುಲವನ್ನು ನಿದ್ದೆಯಲ್ಲೂ ಬೈಯಬಲ್ಲವರು. ಹುಡುಗನೊಬ್ಬ ಸಾಯಲು ಬಿದ್ದಿದ್ದಾನೆ ಎಂದಷ್ಟೇ ಹೇಳಿದೆ, ಯಾವ ಹುಡುಗ ಎಂದು ಕೇಳದೆ ಗಂಟು ಕಟ್ಟಿದರು. ಗೇಟಿನ ಹೊಸ ಹುಡುಗರು ಎಂಗೊನಿಗಳು ಎಂದಿರಲ್ಲ, ಬಹಳ ಒಳ್ಳೆಯದಾಯಿತು. ನಮ್ಮನ್ನು ಅವರು ಯಾವ ಬಾಯಲ್ಲಿ ತಡೆಯುತ್ತಾರೋ ನೋಡೋಣ. ನೀವು ದೂರ ಕೂತು ಮರ್ಯಾದೆಯಾಗಿ ಅಳಿ. ಉಳಿದದ್ದು ನಮ್ಮ ಕೆಲಸ.

ಮಬ್ವುಟೊಗೆ ಹೇಗಾದರೂ ಸುದ್ದಿ ಮುಟ್ಟಿಸಿ, ಬೇಲಿಯ ಹಿಂದಿನಿಂದ ಕೂಗಿಯಾದರೂ ಹೇಳಿ. ಮ್ವಾಬಾ ಎನ್ನುವವಳೊಬ್ಬಳು ಬರುತ್ತಾಳೆ, ಅವನ ಮುಖದ ಮೇಲೆಯೇ ನಗುತ್ತಾಳೆ. ದಕ್ಷಿಣದ ಸಮುದ್ರದ ದಡದಿಂದ ಇಲ್ಲಿಯವರೆಗೆ ನಡೆದು ಬಂದೆವು ಎಂದು ನಿಮ್ಮ ಜನ ಜಂಬ ಕೊಚ್ಚಿಕೊಳ್ಳುತ್ತೀರಲ್ಲ, ಅಂಥವರ ಮೊಮ್ಮಗನಿಗೆ ಒಂದು ಗೇಟಿನವರೆಗೆ ನಡೆಯೋಕಾಗಲ್ವಾ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಾಳೆ. ಅವನು ಉತ್ತರ ಕೊಡಬೇಕಾಗಿಲ್ಲ. ಬುಧವಾರದವರೆಗೆ ಜೀವ ಹಿಡಿದುಕೊಂಡಿದ್ದರೆ ಸಾಕು, ಮಿಕ್ಕ ದಾರಿ ನಾವು ತಳ್ಳುತ್ತೇವೆ.

ಮ್ವಾಬಾ